ಬಳ್ಳಾರಿ ಜಾಲಿಗೆ ಬೆಂಕಿಯೊಂದೇ ಗತಿಯೇ?

ಹೋದ ಬೇಸಿಗೆಯಲ್ಲಿ ನಮ್ಮ ತಂಗಿ ಕಾಲಿಗೆ ಪಟ್ಟಿ ಸುತ್ತಿಸಿಕೊಂಡು ಕುಂಟುತ್ತಾ ಮನೆಗೆ ಬಂದಳು. ಉದ್ಯೋಗ ಖಾತ್ರಿಯ ಹೂಳೆತ್ತುವ ಕೆಲಸಕ್ಕೆ ಹೋಗಿದ್ದಳು. ಗುದ್ದಲಿ ಎತ್ತಿ ಹಾಕಿದ ಹೊತ್ತಿಗೆ ಕಾವು ನಡುವಿಗೆ ಮುರಿದು, ಗುದ್ದಲಿ ಪಕ್ಕಕ್ಕೆ ಹೊರಳಿ ಪಾದಕ್ಕೆ ತಾಗಿತ್ತು. ಮೂಳೆಗೆ ಏನೂ ಆಗಲಿಲ್ಲ. ನಾಲ್ಕು ಹೊಲಿಗೆ ಬಿತ್ತು, ಎಂಟು ದಿನದ ಕೂಲಿ ಹೋಯಿತು. ಆ ಕಾವು ಕೊಂಡು ಇನ್ನೂ ತಿಂಗಳಾಗಿರಲಿಲ್ಲ. "ಅಣ್ಣಾ, ಹೊಸಾದು. ಬಣ್ಣ ಚೆಂದ ಐತಂತ ತಂದಿದ್ದೆ" ಎಂದಳು. ಯಾವ ಅಂಗಡಿ ಎಂದು ನಾನು ಕೇಳಲಿಲ್ಲ. ಈಗ ಎಲ್ಲ ಅಂಗಡಿಯಲ್ಲೂ ಅದೇ ಮಾಲು, ಅದೇ ಕಿತ್ತಳೆ ಬಣ್ಣ.

ಮಾರನೆಯ ದಿನ ಮುರಿದ ತುಂಡುಗಳನ್ನು ತರಿಸಿದೆ. ಇದು ನನ್ನ ಕಸುಬಿನ ಚಾಳಿ. ನಾವು ಹಲಕುಂದಿಯ ಬಡಿಗೇರ ಮನೆತನದವರು. ಅಪ್ಪ ಬಂಡಿ, ಕೂರಿಗೆ, ಕುಂಟೆ, ನೊಗ ಮಾಡಿಕೊಡುತ್ತಿದ್ದ. ಸುಗ್ಗಿಯಲ್ಲಿ ಆಯ ಎಂದು ಜೋಳ ಬರುತ್ತಿತ್ತು. ನಾನು ಐಟಿಐಯಲ್ಲಿ ಹುಡುಗರಿಗೆ ಮರಗೆಲಸ ಕಲಿಸಿ ನಿವೃತ್ತನಾದವನು. ಮುರಿದ ಜಾಗ ನೋಡಿದರೆ ಯಾಕೆ ಮುರಿಯಿತು ಎಂಬುದು ಮುಕ್ಕಾಲು ಪಾಲು ತಿಳಿಯುತ್ತದೆ. ಈ ಕಾವು ಓರೆಯಾಗಿ, ಬಾಳೆಕಾಯಿ ಬಜ್ಜಿಗೆ ಹೆಚ್ಚಿದಷ್ಟು ನುಣ್ಣಗೆ ಮುರಿದಿತ್ತು. ಬಣ್ಣ ಕೆರೆದು ನೋಡಿದೆ. ನಾರು ಕಾವಿನ ಉದ್ದಕ್ಕೆ ಓಡಿರಲೇ ಇಲ್ಲ. ಒಂದು ಗೇಣು ಮುಂದೆ ಹೋಗುವಷ್ಟರಲ್ಲಿ ಎರಡು ಬೆರಳು ಅಡ್ಡಕ್ಕೆ ಸರಿದು ಹೊರಗೆ ಹೋಗಿಬಿಟ್ಟಿತ್ತು. ದೊಡ್ಡ ಹಲಗೆಯನ್ನು ಯಂತ್ರಕ್ಕೆ ಕೊಟ್ಟು, ನಾರು ಯಾವ ಕಡೆಗೆ ಹರಿದಿದೆ ಎಂದು ನೋಡದೆ ಕೊರೆದು, ಗುಂಡಗೆ ಹೊರಳಿಸಿ, ಬಣ್ಣ ಬಳಿದ ಕಾವು ಅದು. ಮರದ ಜಾತಿ ಯಾವುದು ಎಂಬ ಪ್ರಶ್ನೆ ಆಮೇಲಿನದು. ಯಾವ ಜಾತಿಯಾಗಿದ್ದರೂ ಅದು ಹಾಗೇ ಮುರಿಯುತ್ತಿತ್ತು.

ಇದನ್ನು ಅಳೆದವರಿದ್ದಾರೆ. ಅಮೆರಿಕದ ಮ್ಯಾಡಿಸನ್ ಊರಿನಲ್ಲಿ 1910ರಲ್ಲಿ ಶುರುವಾದ ಅರಣ್ಯ ಉತ್ಪನ್ನ ಪ್ರಯೋಗಾಲಯ ಮರದ ಬಗ್ಗೆ ಒಂದು ಕೈಪಿಡಿ ಹೊರಡಿಸುತ್ತದೆ. ಅದರ ಒಂದು ಕೋಷ್ಟಕವನ್ನು ನಾನು ತರಗತಿಯ ಗೋಡೆಗೆ ಬರೆದು ಅಂಟಿಸಿದ್ದೆ. ನಾರು ನೆಟ್ಟಗಿರುವ ಮರಕ್ಕೆ 100 ಅಂಕ ಎಂದುಕೊಳ್ಳಿ. ಹತ್ತು ಅಂಗುಲಕ್ಕೆ ಒಂದು ಅಂಗುಲ ನಾರು ಓರೆಯಾದರೆ ಬಾಗಿಸುವ ಭಾರ ತಡೆಯುವ ಶಕ್ತಿ 81ಕ್ಕೆ ಇಳಿಯುತ್ತದೆ, ಏಟು ತಡೆಯುವ ಶಕ್ತಿ 62ಕ್ಕೆ. ಐದು ಅಂಗುಲಕ್ಕೆ ಒಂದು ಅಂಗುಲ ಓರೆಯಾದರೆ ಬಾಗಿನದು 55, ಏಟಿನದು ಬರೀ 36. ಅದೇ ಮರವನ್ನು ಕಂಬದ ಹಾಗೆ ನಿಲ್ಲಿಸಿ ತಲೆಯ ಮೇಲೆ ಭಾರ ಹೇರಿದರೆ ಇನ್ನೂ 93 ಉಳಿದಿರುತ್ತದೆ! ಅಂದರೆ ಅಂಗಡಿಯವನು ಆ ಕಾವನ್ನು ನೆಲಕ್ಕೆ ಕುಟ್ಟಿ, ಮೇಲಿಂದ ಒತ್ತಿ "ನೋಡ್ರಿ, ಹೆಂಗೈತಿ ಗಟ್ಟಿ" ಎಂದರೆ ಅವನು ಸುಳ್ಳು ಹೇಳಿದಂತಲ್ಲ. ಗುದ್ದಲಿಯ ಕಾವಿಗೆ ಬೇಕಾದ ಗಟ್ಟಿತನ ಅದಲ್ಲ, ಅಷ್ಟೇ.

ನಾವು ಎಲ್ಲದಕ್ಕೂ ಗಟ್ಟಿ ಎಂಬ ಒಂದೇ ಮಾತು ಬಳಸುತ್ತೇವೆ. ಅಪ್ಪನ ಬಾಯಲ್ಲಿ ಮೂರು ಮಾತಿದ್ದವು: ಗಡಸು, ಪೆಡಸು, ಜಿಗುಟು. ಉಳಿ ಇಳಿಯದ ಮರ ಗಡಸು. ಬಾಗದೆ ಹಠಾತ್ತನೆ ಟಣ್ಣೆಂದು ಎರಡಾಗುವುದು ಪೆಡಸು. ಬಾಗಿ, ನರಳಿ, ನಾರು ನಾರಾಗಿ ಹಿಡಿದುಕೊಂಡು, ಮುರಿದ ಮೇಲೂ ಪೂರ್ತಿ ಬಿಡದ್ದು ಜಿಗುಟು. ಗಾಜು ಗಡಸೂ ಹೌದು, ಪೆಡಸೂ ಹೌದು. ಹಸಿ ಸೆಣಬಿನ ಕಡ್ಡಿ ಗಡಸಲ್ಲ, ಆದರೆ ಜಿಗುಟು. ಬಡಿಗನಿಗೆ ಬೇಕಾದದ್ದು ಮೂರನೆಯದು. ಎಂಜಿನಿಯರುಗಳು ಇಂಗ್ಲಿಷಿನಲ್ಲಿ ಈ ಮೂರಕ್ಕೂ ಬೇರೆ ಬೇರೆ ಹೆಸರಿಟ್ಟು, ಬೇರೆ ಬೇರೆ ಯಂತ್ರದಲ್ಲಿ ಅಳೆಯುತ್ತಾರೆ. ಗಡಸಿಗೆ 11.28 ಮಿಲಿಮೀಟರ್ ಅಡ್ಡಳತೆಯ ಉಕ್ಕಿನ ಗುಂಡನ್ನು ಮರಕ್ಕೆ ಅರ್ಧದಷ್ಟು ಒತ್ತುತ್ತಾರೆ. ಒತ್ತಲು ಎಷ್ಟು ಬಲ ಬೇಕಾಯಿತೋ ಅದು ಜಾಂಕಾ ಅಂಕ. ಜಿಗುಟಿಗೆ ಮರದ ತುಂಡಿನ ಮೇಲೆ ಭಾರವಾದ ಸುತ್ತಿಗೆಯನ್ನು ಸ್ವಲ್ಪ ಸ್ವಲ್ಪವೇ ಎತ್ತರ ಹೆಚ್ಚಿಸುತ್ತಾ ಬೀಳಿಸುತ್ತಾರೆ. ನಮ್ಮ ದೇಶದ ಐಎಸ್ 1708 ಮಾನದಂಡದಲ್ಲಿ ಇವಕ್ಕೆಲ್ಲ ಒಂದೊಂದು ಭಾಗವೇ ಇದೆ. ಪರೀಕ್ಷೆಯ ತುಂಡು ಎಷ್ಟಿರಬೇಕು, ಗಂಟಿರಬಾರದು, ನಾರು ನೆಟ್ಟಗಿರಬೇಕು ಎಂದೆಲ್ಲ ಬರೆದಿದ್ದಾರೆ. ಬಾಗಿಸುವ ಪರೀಕ್ಷೆಯ ಸಣ್ಣ ತುಂಡು ಎರಡು ಸೆಂಟಿಮೀಟರ್ ಚೌಕ, ಮೂವತ್ತು ಸೆಂಟಿಮೀಟರ್ ಉದ್ದ.

ಅಪ್ಪನ ಹತ್ತಿರವೂ ಒಂದು ಪರೀಕ್ಷೆ ಇತ್ತು. ಮರ ಕೊಳ್ಳುವ ಮುಂಚೆ ಬಾಚಿಯಿಂದ ಕಿರುಬೆರಳ ದಪ್ಪದ ಒಂದು ಸೀಳು ತೆಗೆದು ಮೊಣಕಾಲಿಗೆ ಒಡ್ಡಿ ಬಾಗಿಸುವನು. ಸೀಳು ಕ್ಯಾರೆಟ್ಟಿನ ಹಾಗೆ ಮೊಟಕಾಗಿ ಮುರಿದರೆ ಆ ದಿಮ್ಮಿ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮುರಿದ ಬಾಯಿ ಜೋಳದ ದಂಟಿನ ಹಾಗೆ ಸಿಪ್ಪೆ ಸಿಪ್ಪೆಯಾಗಿ, ಉದ್ದುದ್ದ ಎಳೆ ಬಿಟ್ಟುಕೊಂಡರೆ "ಇದು ಮನ್ಯಾಗ ಮಲಗೋ ಮರ ಅಲ್ಲ, ದುಡಿಯೋ ಮರ" ಎನ್ನುವನು. ಆಮೇಲೆ ನಾನು ಓದಿದ ಪುಸ್ತಕದಲ್ಲಿ ಇದೇ ಮಾತಿತ್ತು. ಮೊಟಕು ಮುರಿತ ಕಂಡರೆ ಆ ಮರ ಒಳಗೇ ಶಿಲೀಂಧ್ರ ಹಿಡಿದದ್ದೋ, ಬೆಂಕಿಯ ಶಾಖಕ್ಕೆ ಸಿಕ್ಕಿದ್ದೋ, ಹುಟ್ಟಿನಿಂದಲೇ ದುರ್ಬಲವೋ ಇರಬಹುದು. ಕೊಳೆ ಹಿಡಿಯಲು ಶುರುವಾದ ಮರ ಮೊದಲು ಕಳೆದುಕೊಳ್ಳುವುದು ತೂಕವನ್ನಲ್ಲ, ಬಣ್ಣವನ್ನೂ ಅಲ್ಲ, ಈ ಜಿಗುಟನ್ನು. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿರುತ್ತದೆ.

ಈ ಜಿಗುಟು ಬರುವುದೆಲ್ಲಿಂದ? ಮರವೆಂದರೆ ಕೋಟಿಗಟ್ಟಲೆ ಸಣ್ಣ ಕೊಳವೆಗಳ ಕಂತೆ. ಒಂದೊಂದು ಕೊಳವೆಯ ಗೋಡೆಯೂ ಸೆಲ್ಯುಲೋಸ್ ಎಳೆಗಳನ್ನು ಸುರುಳಿಯಾಗಿ ಸುತ್ತಿ ಕಟ್ಟಿದ್ದು, ಹಗ್ಗ ಹೊಸೆದ ಹಾಗೆ. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಗಾರ್ಡನ್ ಮತ್ತು ಜಾರ್ಜ್ ಜೆರೊನಿಮಿಡಿಸ್ ಎಂಬವರು 1970ರ ದಶಕದಲ್ಲಿ ತೋರಿಸಿದ್ದು ಇದನ್ನು: ಮರವನ್ನು ಎಳೆದಾಗ ಆ ಸುರುಳಿ ಗೋಡೆಗಳು ಒಳಕ್ಕೆ ಕುಸಿದು, ಬಿಚ್ಚಿಕೊಳ್ಳುತ್ತಾ ಉದ್ದವಾಗುತ್ತವೆ, ಮುರಿಯುವ ಮುಂಚೆ ಏಟಿನ ಬಹುಪಾಲು ಶಕ್ತಿಯನ್ನು ಅವೇ ನುಂಗಿಬಿಡುತ್ತವೆ. ಅಡ್ಡಕ್ಕೆ ಹೊರಟ ಬಿರುಕು ಒಂದೊಂದು ಎಳೆಯನ್ನೂ ಹೀಗೆ ಕಿತ್ತೇ ಮುಂದೆ ಹೋಗಬೇಕು. ನಾರಿನ ಉದ್ದಕ್ಕೆ ಹೊರಟ ಬಿರುಕಿಗೆ ಆ ಕಷ್ಟವಿಲ್ಲ, ಎರಡು ಕೊಳವೆಗಳ ನಡುವಿನ ಅಂಟು ಬಿಡಿಸಿಕೊಂಡು ಸರಾಗವಾಗಿ ಓಡುತ್ತದೆ. ಒಂದೇ ಮರದಲ್ಲಿ ನಾರಿಗೆ ಅಡ್ಡವಾಗಿ ಬಿರುಕು ತಡೆಯುವ ಶಕ್ತಿ, ನಾರಿನ ಉದ್ದಕ್ಕೆ ಇರುವುದಕ್ಕಿಂತ ಸುಮಾರು ಹತ್ತು ಪಟ್ಟು. ಸೌದೆ ಸೀಳುವವರು ಇದನ್ನು ಪುಸ್ತಕದಲ್ಲಿ ಓದಬೇಕಿಲ್ಲ. ಯಾರೂ ಕೊಡಲಿಯನ್ನು ಕೊರಡಿನ ನಡುವಿಗೆ ಅಡ್ಡ ಹಾಕಿ ಸೀಳಲು ಹೋಗುವುದಿಲ್ಲ, ತಲೆಯ ಮೇಲೇ ಇಡುತ್ತಾರೆ.

ಹೀಗಿರುವಾಗ ನಮ್ಮ ಜನರ ತೇಗದ ಹುಚ್ಚು ನನಗೆ ಅರ್ಥವಾಗುವುದಿಲ್ಲ. ಬಳ್ಳಾರಿಯ ಟಿಂಬರ್ ಡಿಪೋಗಳಿಗೆ ಮನೆ ಕಟ್ಟಿಸುವವರ ಜೊತೆ ಹೋಗುತ್ತಿರುತ್ತೇನೆ. ಬಾಗಿಲಿಗೆ ಸಾಗವಾನಿ, ಕಿಟಕಿಗೆ ಸಾಗವಾನಿ, ಕೊನೆಗೆ ಏಣಿಯ ಮೆಟ್ಟಿಲಿಗೂ, ಸುತ್ತಿಗೆಯ ಕಾವಿಗೂ ಸಾಗವಾನಿ ಬೇಕಂತೆ. ತೇಗಕ್ಕೆ ಮಾನ ಇರುವುದು ನ್ಯಾಯವೇ. ಅದರ ಒಳಗೆ ಎಣ್ಣೆಯಂಶ ಇದೆ, ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ, ಒಣಗಿದಾಗ ಕುಗ್ಗುವುದು ಕಡಿಮೆ, ತಿರುಚಿಕೊಳ್ಳುವುದಿಲ್ಲ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲೂ ತೇಗದ ಬಾಗಿಲು ಚೌಕಟ್ಟಿನಲ್ಲಿ ಕುಳಿತ ಹಾಗೇ ಕುಳಿತಿರುತ್ತದೆ. ಆದರೆ ಏಟು ತಡೆಯುವುದರಲ್ಲಿ ಅದು ದೊಡ್ಡ ಶೂರನಲ್ಲ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ ಭಾರತದ ಮರಗಳನ್ನೆಲ್ಲ ಪರೀಕ್ಷಿಸಿ ತೇಗಕ್ಕೆ 100 ಎಂದು ಇಟ್ಟುಕೊಂಡು ಉಳಿದವಕ್ಕೆ ಅಂಕ ಹಾಕಿತು: ತೂಕಕ್ಕೆ ಬೇರೆ, ಬಾಗುವಿಕೆಗೆ ಬೇರೆ, ಆಕಾರ ಉಳಿಸಿಕೊಳ್ಳುವುದಕ್ಕೆ ಬೇರೆ, ಏಟು ತಡೆಯುವುದಕ್ಕೆ ಬೇರೆ. ಆ ಪಟ್ಟಿಯಲ್ಲಿ ನಮ್ಮ ಹೊಲದ ಬದುವಿನ ಕರಿಜಾಲಿ ಗಡಸಿನಲ್ಲಿ, ಏಟು ತಡೆಯುವುದರಲ್ಲಿ ತೇಗಕ್ಕಿಂತ ಬಹಳ ಮೇಲೆ ನಿಲ್ಲುತ್ತದೆ. ಆಕಾರ ಉಳಿಸಿಕೊಳ್ಳುವುದರಲ್ಲಿ ಮಾತ್ರ ತೇಗವೇ ಮೇಲು. ನಮ್ಮ ಜನ ಆಕಾರದ ಅಂಕವೊಂದನ್ನೇ ಹಿಡಿದುಕೊಂಡು ಉಳಿದದ್ದನ್ನು ಮರೆತುಬಿಟ್ಟರು.

ಹಳಬರು ಮರೆತಿರಲಿಲ್ಲ. ಬಂಡಿಯ ಗಾಲಿಯನ್ನೇ ನೋಡಿ. ನಡುವಿನ ಗುಂಭಕ್ಕೆ ಕರಿಜಾಲಿಯೇ ಆಗಬೇಕು. ಸುತ್ತಲೂ ತೂತು ಕೊರೆದು ಅರೆಗಾಲುಗಳನ್ನು ಬಡಿದು ಕೂರಿಸುವಾಗ ಒಂದೊಂದು ಅರೆಗಾಲೂ ಬೆಣೆಯ ಹಾಗೆ ಗುಂಭವನ್ನು ಸೀಳಲು ನೋಡುತ್ತದೆ. ಸುಲಭಕ್ಕೆ ಸೀಳದ ಮರವೇ ಬೇಕು. ಎತ್ತಿನ ಹೆಗಲ ಮೇಲೆ ದಿನವಿಡೀ ಕೂರುವ ನೊಗ ಹಗುರವಿರಬೇಕು. ಮರದ ಅಚ್ಚಿನ ಕಾಲದಲ್ಲಿ ದಿಂಡಿಗವನ್ನು ಹುಡುಕಿಕೊಂಡು ಗುಡ್ಡಕ್ಕೆ ಹೋಗುತ್ತಿದ್ದರಂತೆ. ಇಂಗ್ಲಿಷರ ಮರದ ವ್ಯಾಪಾರದಲ್ಲಿ ದಿಂಡಿಗಕ್ಕೆ ಬಿದ್ದ ಹೆಸರೇ ಅಚ್ಚಿನ ಮರ ಎಂದು. ನೀರಿನಲ್ಲಿ ಮುಳುಗುವಷ್ಟು ಭಾರದ ಕಮರ ಬೇರೆ ಕೆಲಸಕ್ಕೆ. ಪಕ್ಕದ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಗೊಂಬೆ ಮಾಡುವವರು ಬೆಂಡಿನಷ್ಟು ಹಗುರವಾದ ಮರ ಹಿಡಿಯುತ್ತಾರೆ, ಅವರಿಗೆ ಅದೇ ಸರಿ. ಗೊಂಬೆಗೆ ಯಾರೂ ಗುದ್ದಲಿಯ ಕೆಲಸ ಹೇಳುವುದಿಲ್ಲ.

ಇನ್ನು ನಮ್ಮ ಬಳ್ಳಾರಿಯ ಬಿಸಿಲು. ಬೇರೆ ಊರಿನ ಮರಗೆಲಸದವರಿಗೆ ಇದರ ಅಂದಾಜಿರುವುದಿಲ್ಲ. ಕರಾವಳಿಯಲ್ಲಿ ಕೊಯ್ದು, ಅಲ್ಲೇ ಒಣಗಿತು ಎಂದು ಲಾರಿಗೆ ಏರಿಸಿದ ಮರ ಇಲ್ಲಿಗೆ ಬಂದು ಇನ್ನೊಮ್ಮೆ ಒಣಗುತ್ತದೆ. ಮರದ ಕೊಳವೆಗಳ ಟೊಳ್ಳಿನಲ್ಲಿರುವ ನೀರು ಹೋಗುವವರೆಗೆ ಮರ ಕುಗ್ಗುವುದಿಲ್ಲ. ತೇವಾಂಶ ಶೇ 30ರ ಆಸುಪಾಸಿಗೆ ಇಳಿದ ಮೇಲೆ ಗೋಡೆಯೊಳಗಿನ ನೀರು ಹೊರಡುತ್ತದೆ, ಕುಗ್ಗು ಶುರುವಾಗುವುದು ಆಗ. ಬೆಳವಣಿಗೆಯ ಉಂಗುರದ ಗುಂಟ ಕುಗ್ಗುವುದು, ನಡುವಿನಿಂದ ಹೊರಕ್ಕೆ ಕುಗ್ಗುವುದರ ಸುಮಾರು ಎರಡು ಪಟ್ಟು. ಈ ಭೇದದಿಂದಲೇ ದಿಮ್ಮಿಯ ತಲೆಯಲ್ಲಿ ನಕ್ಷತ್ರದಂತೆ ಬಿರುಕು ಬೀಳುವುದು. ಏಪ್ರಿಲ್ ಬಂತೆಂದರೆ ಬಂಡಿಯ ಗಾಲಿಯ ಮರ ಕುಗ್ಗಿ, ಅದರ ಸುತ್ತಿನ ಕಬ್ಬಿಣದ ಹಳಿ ಸಡಿಲಾಗುತ್ತಿತ್ತು. ರೈತರು ಗಾಲಿ ಬಿಚ್ಚಿ ಹಳ್ಳದಲ್ಲಿ ನೆನೆ ಹಾಕುತ್ತಿದ್ದರು. ನೀರು ಕುಡಿದು ಉಬ್ಬಿ ಹಳಿ ಮತ್ತೆ ಬಿಗಿಯುತ್ತಿತ್ತು. ತೀರಾ ಸಡಿಲಾದರೆ ನಮ್ಮ ಅಂಗಳಕ್ಕೆ ಬರುವುದು. ಹಳಿ ಕತ್ತರಿಸಿ ಕಿರಿದು ಮಾಡಿ, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಇಕ್ಕುಳದಲ್ಲಿ ಹಿಡಿದು ಗಾಲಿಗೆ ಏರಿಸಿ, ಎಲ್ಲರೂ ಒಟ್ಟಿಗೆ ನೀರು ಸುರಿದರೆ ಅಂಗಳವೆಲ್ಲ ಹೊಗೆ, ಹಬೆ. ಹಳಿ ಕುಗ್ಗುವ ಹೊತ್ತಿಗೆ ಅರೆಗಾಲುಗಳು ಗುಂಭದೊಳಕ್ಕೆ ಕಟಕಟ ಎಂದು ಇಳಿಯುವ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಆ ಸದ್ದು ಕೇಳದಿದ್ದರೆ ಅಪ್ಪ ಹಳಿಯನ್ನು ಮತ್ತೆ ತೆಗೆಸುತ್ತಿದ್ದ.

ಒಣಗಿದಷ್ಟೂ ಮರ ಬಲವಾಗುತ್ತದೆ ಎಂಬುದು ಅರ್ಧ ನಿಜ. ಒಣ ಮರ ಹೆಚ್ಚು ಭಾರ ಹೊರುತ್ತದೆ, ಆದರೆ ಕಡಿಮೆ ಬಾಗುತ್ತದೆ. ಏಟು ನುಂಗುವುದಕ್ಕೆ ಬಲವೂ ಬೇಕು, ಬಾಗೂ ಬೇಕು. ಆದ್ದರಿಂದ ಏಟು ತಡೆಯುವ ಶಕ್ತಿ ಒಣಗಿದ ಹಾಗೆ ಅಷ್ಟಾಗಿ ಏರುವುದಿಲ್ಲ, ಕೆಲವು ಮರಗಳಲ್ಲಿ ಇಳಿಯುತ್ತದೆ. ಬಳ್ಳಾರಿಯ ಮೇ ತಿಂಗಳಲ್ಲಿ ಹೊಲದ ಬದುವಿನ ಮೇಲೆ ಬಿಸಿಲಿಗೆ ಒರಗಿಸಿಟ್ಟ ಗುದ್ದಲಿಯ ಕಾವು ಪೆಡಸಾಗುವುದು ಹೀಗೆ. ಹಿಂದಿನವರು ಕಾವಿಗೆ ಕುಸುಬೆ ಎಣ್ಣೆ ಉಜ್ಜಿ ನೆರಳಲ್ಲಿ ಇಡುತ್ತಿದ್ದದ್ದು ಅಂದಕ್ಕಲ್ಲ.

ಜಿಗುಟಾದ ಮರದ ಇನ್ನೊಂದು ದೊಡ್ಡ ಗುಣ, ಅದು ಮುಂಚೆಯೇ ಹೇಳಿ ಮುರಿಯುತ್ತದೆ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳೆದವರಿಗೆ ಗೊತ್ತು: ತೊಲೆ ಬೀಳುವ ಮುಂಚೆ ವರ್ಷಗಟ್ಟಲೆ ಜೋಲುತ್ತದೆ, ರಾತ್ರಿ ಹೊತ್ತು ಕಿರಗುಟ್ಟುತ್ತದೆ. ನಿಮಿಷಗಳ ಪರೀಕ್ಷೆಯಲ್ಲಿ ನೂರು ಮಣ ಹೊರುವ ತೊಲೆ, ಹತ್ತು ವರ್ಷ ಸತತವಾಗಿ ಹೊರಬಲ್ಲದ್ದು ಅರವತ್ತು ಮಣದಷ್ಟನ್ನೇ ಎಂಬ ಲೆಕ್ಕವೂ ಮ್ಯಾಡಿಸನ್ನಿನದೇ. ಮಾಳಿಗೆಯ ಮೇಲೆ ಪ್ರತಿ ವರ್ಷ ಮತ್ತೊಂದು ಪದರ ಮಣ್ಣು ಹಾಕಿಸುವವರು ಈ ಲೆಕ್ಕವನ್ನು ನೆನಪಿಡಬೇಕು. ಮಳೆಗಾಲದಲ್ಲಿ ಮಾಳಿಗೆ ಕುಸಿದ ಸುದ್ದಿ ಓದಿದಾಗಲೆಲ್ಲ, ಆ ಮನೆಯ ತೊಲೆ ಎಷ್ಟು ದಿನದಿಂದ ಕಿರಗುಟ್ಟುತ್ತಿತ್ತೋ, ಕೇಳಿಸಿಕೊಂಡವರು ಯಾರೋ ಎನಿಸುತ್ತದೆ.

ತೇರುಗಳ ವಿಚಾರದಲ್ಲಿ ನನಗೆ ಇನ್ನೂ ಹೆಚ್ಚಿನ ದಿಗಿಲು. 2017ರ ಫೆಬ್ರವರಿಯಲ್ಲಿ, ಆಗ ನಮ್ಮ ಜಿಲ್ಲೆಯಲ್ಲೇ ಇದ್ದ ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರ ಸ್ವಾಮಿಯ ತೇರು ಅಚ್ಚು ಮುರಿದು ಉರುಳಿತು. ಸಾವಿರಾರು ಜನ ಸೇರಿದ್ದ ಜಾತ್ರೆ. ಅಚ್ಚಿನ ಮೇಲೆ ಭಾರ ಬೀಳುವುದು ವರ್ಷಕ್ಕೊಂದು ದಿನ, ಉಳಿದ ದಿನವೆಲ್ಲ ತೇರು ತಗಡಿನ ಮನೆಯಲ್ಲಿ ಬಿಸಿಲಿಗೆ ಒಣಗುತ್ತಾ, ಮಳೆಗಾಲದಲ್ಲಿ ತೇವ ಹೀರುತ್ತಾ ನಿಂತಿರುತ್ತದೆ. ಆ ಒಂದು ದಿನ ಮಿಣಿ ಹಗ್ಗ ಎಳೆದಾಗ, ಗಾಲಿಗೆ ಸನ್ನೆ ಕೊಟ್ಟು ನಿಲ್ಲಿಸಿದಾಗ ಬೀಳುವ ಏಟಿದೆಯಲ್ಲ, ಅದು ನಿಂತ ಭಾರವಲ್ಲ, ಜಗ್ಗು. ಕೂದಲೆಳೆಯಷ್ಟು ಹಳೆಯ ಬಿರುಕಿದ್ದರೂ ಅಂಥ ಜಗ್ಗಿಗೆ ಅದು ಬೆಳೆಯುತ್ತದೆ. ಬಿರುಕು ಉದ್ದವಾದಷ್ಟೂ ಅದನ್ನು ಮುಂದಕ್ಕೆ ಓಡಿಸಲು ಬೇಕಾದ ಬಲ ಕಡಿಮೆ ಎಂದು ಎ.ಎ. ಗ್ರಿಫಿತ್ ಎಂಬ ಇಂಗ್ಲಿಷ್ ಎಂಜಿನಿಯರ್ ಗಾಜಿನ ಮೇಲೆ ಪ್ರಯೋಗ ಮಾಡಿ ತೋರಿಸಿ ನೂರು ವರ್ಷವಾಯಿತು. ಕುರುಗೋಡಿನ ದೊಡ್ಡಬಸವೇಶ್ವರ ತೇರಿರಲಿ, ಹಳ್ಳಿಯ ಸಣ್ಣ ಮಾರುತಿ ತೇರಿರಲಿ, ಬಣ್ಣ, ಬಾವುಟ, ಹೂವಿಗಿಂತ ಮುಂಚೆ ಒಬ್ಬ ಹಳೆಯ ಬಡಿಗನನ್ನು ಕರೆಸಿ ಅಚ್ಚು, ಗುಂಭ, ಬೆಣೆಗಳನ್ನು ಸುತ್ತಿಗೆಯಿಂದ ತಟ್ಟಿಸಿ ನೋಡುವುದು ಕಡ್ಡಾಯವಾಗಬೇಕು. ಒಡೆದ ಮಡಕೆಯ ಸದ್ದು ಬಂದರೆ ಆ ವರ್ಷ ತೇರು ನಿಲ್ಲಲಿ. ದೇವರು ಮುನಿಯುವುದಿಲ್ಲ.

ಈಗ ನಮ್ಮ ಊರಿನ ಹೆಸರು ಹೊತ್ತ ಮರದ ಮಾತು. ಕರ್ನಾಟಕದ ಉಳಿದ ಕಡೆ ಹೋದರೆ ಕೆರೆಯಂಗಳ, ರಸ್ತೆ ಬದಿ, ಬೀಳು ಹೊಲಗಳಲ್ಲಿ ಹಬ್ಬಿದ ಆ ಮುಳ್ಳಿನ ಗಿಡವನ್ನು ಬಳ್ಳಾರಿ ಜಾಲಿ ಎನ್ನುತ್ತಾರೆ. ನಮ್ಮಲ್ಲಿ ತೆಲುಗು ಮಾತಾಡುವವರು ಸರ್ಕಾರಿ ತುಮ್ಮ ಎನ್ನುತ್ತಾರೆ, ತಮಿಳರು ಸೀಮೈ ಕರುವೇಲಂ ಎನ್ನುತ್ತಾರೆ. ಯಾರಿಗೂ ಅದು ತಮ್ಮದು ಎನ್ನಲು ಮನಸ್ಸಿಲ್ಲ, ನಮ್ಮ ತಲೆಗೆ ಕಟ್ಟಿದ್ದಾರೆ. ನಿಜವಾಗಿ ಅದರ ತವರು ದಕ್ಷಿಣ ಅಮೆರಿಕ, ಮಧ್ಯ ಅಮೆರಿಕ, ಕೆರಿಬಿಯನ್ ಸೀಮೆ. 1877ರಲ್ಲಿ ಜಮೈಕಾದಿಂದ ಬೀಜ ತರಿಸಿ ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಬಿತ್ತಿದರು. ಆಗ ಕಡಪದಂತೆ ಬಳ್ಳಾರಿಯೂ ಮದ್ರಾಸ್ ಪ್ರಾಂತ್ಯದಲ್ಲಿತ್ತು. ನಾವು ಮೈಸೂರಿಗೆ ಸೇರಿದ್ದು 1953ರಲ್ಲಿ. ಒಣ ಸೀಮೆಗೆ ಸೌದೆಯಾಗಲಿ, ನೆಲ ಹಸಿರಾಗಲಿ ಎಂಬುದು ತಂದವರ ಲೆಕ್ಕ. ಸೌದೆಯಂತೂ ಆಯಿತು. ಅದರ ಜೊತೆಗೆ ಕಾಲುವೆ, ಹುಲ್ಲುಗಾವಲು, ಹೊಲದ ಬದುಗಳೂ ಅದರ ಪಾಲಾದವು. ಅದರ ಕೆಳಗೆ ಹುಲ್ಲು ಹುಟ್ಟುವುದಿಲ್ಲ. ಕಡಿದರೆ ಬುಡದಿಂದ ಹತ್ತು ಕವಲು ಒಡೆಯುತ್ತದೆ. ಕಚ್ಛ್‌ನ ಬನ್ನಿ ಹುಲ್ಲುಗಾವಲಿನವರ ಗೋಳೂ ಇದೇ; ತಮಿಳುನಾಡಿನಲ್ಲಿ ಇದನ್ನು ಕೀಳಿಸಿ ಎಂದು ಹೈಕೋರ್ಟಿನವರೆಗೂ ಹೋದರು. ನಾನು ಈ ಗಿಡವನ್ನು ಬೆಳೆಸಿ ಎನ್ನುವವನಲ್ಲ. ಕೀಳಿ. ಆದರೆ ಕಿತ್ತದ್ದನ್ನು ಏನು ಮಾಡುತ್ತೀರಿ?

ಈಗ ಮಾಡುತ್ತಿರುವುದು ಒಂದೇ, ಸುಡುವುದು. ಇದ್ದಿಲ ಗೂಡು, ಇಟ್ಟಿಗೆ ಗೂಡು, ಹೋಟೆಲ್ಲಿನ ಒಲೆ. ಲಾರಿಗಟ್ಟಲೆ ಹೋಗುತ್ತದೆ. ಅದರೊಳಗಿನ ಕೆಂಗಂದು ಚೇಗನ್ನು ಕೀಸಿ ನೋಡಿದವರು ಎಷ್ಟು ಜನ? ತೇಗಕ್ಕಿಂತ ಭಾರ, ತೇಗಕ್ಕಿಂತ ಗಡಸು, ಒರೆದರೆ ಕಂಚಿನ ಹಾಗೆ ಹೊಳೆಯುತ್ತದೆ. ಅದರ ಹತ್ತಿರದ ದಾಯಾದಿ ಮೆಸ್ಕೀಟ್ ಅಮೆರಿಕದ ಟೆಕ್ಸಾಸಿನಲ್ಲಿ ನೆಲಹಾಸಿಗೆ, ಪೀಠೋಪಕರಣಕ್ಕೆ ಬೆಲೆಬಾಳುವ ಮರ. ಒಣಗುವಾಗ ಅದು ಕುಗ್ಗುವುದು ಬಹಳ ಕಡಿಮೆ, ಅದೂ ಎರಡು ದಿಕ್ಕಿಗೂ ಹೆಚ್ಚುಕಡಿಮೆ ಒಂದೇ ಸಮ, ಹಾಗಾಗಿ ಸೊಟ್ಟಗಾಗುವುದಿಲ್ಲ. ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದಲ್ಲಿ ಇದೇ ಕುಲದ ಅಲ್ಗರೋಬೊ ಮರದ ತುಂಡುಗಳನ್ನು ಇಟ್ಟಿಗೆಯ ಹಾಗೆ ಜೋಡಿಸಿ ಬೀದಿಗೆ ಹಾಸಿದ್ದರು. 19ನೇ ಶತಮಾನದ ಕೊನೆಯಲ್ಲಿ ಅದರ ಮೇಲೆ ಕುದುರೆ ಗಾಡಿಗಳು ಓಡಾಡಿದವು. ಅವರು ಬೀದಿಗೆ ಹಾಸಿದ ಕುಲವನ್ನು ನಾವು ಇಟ್ಟಿಗೆ ಗೂಡಿನ ಬಾಯಿಗೆ ತುರುಕುತ್ತಿದ್ದೇವೆ.

"ಅದು ಸೊಟ್ಟ ಗಿಡರೀ, ನಾಲ್ಕಡಿ ನೆಟ್ಟಗಿನ ತುಂಡು ಸಿಗಂಗಿಲ್ಲ" ಎಂದು ಸಾಮಿಲ್ಲಿನವರು ಮೂಗು ಮುರಿಯುತ್ತಾರೆ. ನಿಜ. ಬಾಗಿಲಿಗೆ, ತೊಲೆಗೆ ಅದು ಆಗುವುದಿಲ್ಲ. ಆದರೆ ಸುತ್ತಿಗೆಯ ಕಾವಿಗೆ ಬೇಕಾದದ್ದು ಒಂದಡಿ, ಗುದ್ದಲಿಗೆ ಎರಡೂವರೆ, ಪಿಕಾಸಿಗೆ ಮೂರು. ಉಳಿ ಹಿಡಿ, ಕುಡುಗೋಲು ಹಿಡಿ, ಕೊಡತಿ, ಲಟ್ಟಣಿಗೆಗೆ ಗೇಣು ಮೊಳಗಳ ತುಂಡು ಸಾಕು. ಗುಡ್ಡೆ ಹಾಕಿದ ಕೊರಡುಗಳಲ್ಲಿ ಹತ್ತಕ್ಕೆ ಎರಡಾದರೂ ಅಂಥವು ಸಿಗುತ್ತವೆ. ಉಳಿದ ಎಂಟು ಗೂಡಿಗೇ ಹೋಗಲಿ. ಗುಟ್ಟು ಒಂದೇ: ಗರಗಸದಿಂದ ಕೊಯ್ಯಬಾರದು, ಬೆಣೆ ಬಡಿದು ಸೀಳಬೇಕು. ಸೀಳು ತಾನಾಗಿ ನಾರನ್ನು ಹಿಂಬಾಲಿಸುತ್ತದೆ, ಆ ಕಾವಿನಲ್ಲಿ ಓರೆ ನಾರು ಬರುವ ಮಾತೇ ಇಲ್ಲ. ಯಂತ್ರಕ್ಕೆ ಗೊತ್ತಿಲ್ಲದ ದಾರಿ ಬೆಣೆಗೆ ಗೊತ್ತು. ಹೊರಗಿನ ಬಿಳಿ ಭಾಗವನ್ನು ಬಾಚಿಯಿಂದ ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಕುಟ್ಟೆ ಹುಳು ಬಿದ್ದು ಆರು ತಿಂಗಳಲ್ಲಿ ಹಿಟ್ಟಾಗುತ್ತದೆ. ತಲೆಗಳಿಗೆ ಮೇಣವೋ ಸಗಣಿಯೋ ಮೆತ್ತಿ ನೆರಳಲ್ಲಿ ಒಂದು ಮಳೆಗಾಲ ದಾಟಿಸಬೇಕು. ಗಂಟಿದ್ದರೆ ಬಿಡಬೇಕು, ಅದರಲ್ಲೂ ಕೈಯಿಂದ ಮುಂದೆ, ಗುದ್ದಲಿಯ ಕಣ್ಣಿನ ಹತ್ತಿರದ ಗಂಟನ್ನು. ಮತ್ತೆ, ದಯವಿಟ್ಟು ಬಣ್ಣ ಬಳಿಯಬಾರದು. ಕಾವಿಗೆ ಬಳಿದ ಬಣ್ಣ ಮರವನ್ನು ಕಾಪಾಡುವುದಕ್ಕಿಂತ ಅದರ ದೋಷವನ್ನು ಕಾಪಾಡುವುದೇ ಹೆಚ್ಚು.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಬೆಂಗಳೂರಿನ ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯ ಎಂದು ಶುರುವಾದದ್ದು. ಮರ ಬಾಗಿಸುವ, ಒತ್ತುವ, ಸೀಳುವ ಯಂತ್ರಗಳಿಗೆಂದೇ ಕಟ್ಟಿದ ಜಾಗ. ಹಲಕುಂದಿ, ಸಿರುಗುಪ್ಪ, ಕುರುಗೋಡು ಸೀಮೆಯ ಬದುಗಳಿಂದ ಆಯ್ದ ಬಳ್ಳಾರಿ ಜಾಲಿಯ ತುಂಡುಗಳನ್ನು ಜಿಲ್ಲಾಡಳಿತ ಅಲ್ಲಿಗೆ ಕಳಿಸಲಿ. ಎರೆ ನೆಲದ್ದು ಬೇರೆ, ಮಸಾರಿಯದ್ದು ಬೇರೆ, ಕಾಲುವೆ ಪಕ್ಕದ್ದು ಬೇರೆ ಮಾಡಿ ಕಳಿಸಲಿ. ಕರಿಜಾಲಿ, ಬೇವು, ನೀಲಗಿರಿ, ತೇಗಗಳ ಪಕ್ಕದಲ್ಲಿಟ್ಟು ಗಡಸು ಎಷ್ಟು, ಜಿಗುಟು ಎಷ್ಟು ಎಂದು ಅಳೆಸಿ, ಬಂದ ಅಂಕಗಳನ್ನು ಒಂದು ಪುಟದ ಕನ್ನಡದಲ್ಲಿ ಅಚ್ಚು ಹಾಕಿ ಪಂಚಾಯಿತಿ ಗೋಡೆಗೆ ಅಂಟಿಸಲಿ. ಅಂಕ ಚೆನ್ನಾಗಿ ಬಾರದಿದ್ದರೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಚೆನ್ನಾಗಿ ಬಂದರೆ ಐಟಿಐ ಹುಡುಗರಿಗೆ, ಮಹಿಳಾ ಸ್ವಸಹಾಯ ಸಂಘಗಳಿಗೆ ಕಾವು ಮಾಡುವ ತರಬೇತಿ ಕೊಡಲಿ. ಉದ್ಯೋಗ ಖಾತ್ರಿಯ ಸಾವಿರಾರು ಗುದ್ದಲಿಗಳಿಗೆ ನಮ್ಮ ಜಿಲ್ಲೆಯಲ್ಲೇ ಕಾವು ಆಗುತ್ತದೆ. ಮುಳ್ಳುಗಿಡ ಕೀಳುವುದಕ್ಕೆ ಇಂದು ದುಡ್ಡು ನಾವು ಕೊಡುತ್ತೇವೆ, ಆಗ ಕಿತ್ತ ಗಿಡವೇ ತನ್ನ ಕೂಲಿ ತಾನು ಕೊಟ್ಟೀತು.

ಕೊಡಲಿ ಕಾವು ಕುಲಕ್ಕೆ ಸಾವು ಎಂಬ ಗಾದೆ ನಮ್ಮಲ್ಲಿದೆ. ಸ್ವಂತ ಜಾತಿಗೆ ದ್ರೋಹ ಬಗೆದವನನ್ನು ಬೈಯುವ ಮಾತು. ಬಳ್ಳಾರಿ ಜಾಲಿಯ ವಿಚಾರದಲ್ಲಿ ಮಾತ್ರ ಆ ಗಾದೆ ಹರಸಿದ ಹಾಗಿದೆ. ಆ ಕುಲವನ್ನು ಕಡಿಯಲು ಆ ಕುಲದ ಕಾವೇ ಸರಿ.

ತಂಗಿಯ ಗುದ್ದಲಿಗೆ ನಾನೇ ಒಂದು ಕಾವು ಹಾಕಿಕೊಟ್ಟೆ. ಊರ ಹೊರಗಿನ ಬದುವಿನಲ್ಲಿ ಕಡಿದು ಬಿಸಾಡಿದ್ದ ಕೊರಡೊಂದನ್ನು ಮೂರು ವರ್ಷದ ಹಿಂದೆ ತಂದು ಅಟ್ಟದ ಮೇಲೆ ಒಣಗಿಸಿಟ್ಟಿದ್ದೆ, ಅದರದ್ದೇ. ಬೆಣೆ ಬಡಿದು ಸೀಳಿದ್ದು, ಬಣ್ಣವಿಲ್ಲ, ಕುಸುಬೆ ಎಣ್ಣೆ ಮಾತ್ರ. "ಭಾರ ಐತಿ ಅಣ್ಣಾ" ಎಂದು ಮೊದಲು ಗೊಣಗಿದಳು. ನಾಲ್ಕು ಕಡೆಯಿಂದಲೂ ಸ್ವಲ್ಪ ಕೀಸಿ ಹಗುರ ಮಾಡಿಕೊಟ್ಟೆ. ಈ ಬೇಸಿಗೆಯ ಹೂಳಿಗೂ ಅವಳು ಹೋಗುತ್ತಿರುವುದು ಅದನ್ನೇ ಹಿಡಿದುಕೊಂಡು.